ಡಾಕ್ಟರೂ ಕಲಿಯಬೇಕು, ನಾವೂ ಕೇಳಬೇಕು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ವೈದ್ಯೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಆರೋಗ್ಯದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಸಾಮಾನ್ಯವಾಗಿ ಡಾಕ್ಟರ್ ಬಂದರೆ ಏನು ಹೇಳ್ತಾರೆ? ಕೈ ತೊಳೀರಿ, ಸೊಪ್ಪು ತಿನ್ನಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಇವೆಲ್ಲ ನಿಮಗೆ ಗೊತ್ತಿದೆ. ಆದ್ದರಿಂದ ಇವತ್ತು ನಿಮ್ಮ ಬಗ್ಗೆ ಅಲ್ಲ, ನಮ್ಮ ಬಗ್ಗೆ, ಅಂದರೆ ಡಾಕ್ಟರುಗಳ ಬಗ್ಗೆ ಮಾತಾಡ್ತೀನಿ. ಡಾಕ್ಟರು ಓದಿ ಮುಗಿಸಿದ ಮೇಲೆ ಮತ್ತೆ ಕಲೀತಾರಾ? ಕಲಿತದ್ದು ನಿಮ್ಮ ಮಗುವಿನ ತನಕ ಬಂದು ಮುಟ್ಟುತ್ತಾ? ಇವೇ ಇವತ್ತಿನ ಎರಡು ಪ್ರಶ್ನೆಗಳು.

ವಾರಕ್ಕೊಂದು ಗಂಟೆ, ವರ್ಷಕ್ಕೆ ಆರು ಗಂಟೆ

ನಿಮ್ಮ ಸಂಘ ವಾರಕ್ಕೊಮ್ಮೆ ಸೇರುತ್ತದೆ. ಒಂದು ಗಂಟೆ ಕೂತರೂ ವರ್ಷಕ್ಕೆ 52 ಗಂಟೆ ಆಯಿತು. ಮೊದಲ ಸಭೆಯಲ್ಲಿ ನಿಮ್ಮಲ್ಲಿ ಎಷ್ಟೋ ಮಂದಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಇವತ್ತು ನಡವಳಿ ಪುಸ್ತಕ ಬರೀತೀರಿ, ಸಾಲದ ಬಡ್ಡಿ ಲೆಕ್ಕ ಹಾಕ್ತೀರಿ, ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಮಾತಾಡ್ತೀರಿ. ಇದೆಲ್ಲ ಒಂದೇ ದಿನದ ತರಬೇತಿಯಲ್ಲಿ ಬಂದದ್ದಲ್ಲ. ಪ್ರತಿ ವಾರ ಸ್ವಲ್ಪ ಸ್ವಲ್ಪ ಕಲಿತು ಬಂದದ್ದು.

ಡಾಕ್ಟರಿಗೂ ಹೀಗೇ ಒಂದು ಕಲಿಕೆ ಇದೆ. ಅದಕ್ಕೆ ನಿರಂತರ ವೈದ್ಯಕೀಯ ಶಿಕ್ಷಣ ಅಂತ ಹೆಸರು. ನಾವು ಸಿ.ಎಂ.ಇ. ಅಂತ ಕರೀತೀವಿ. ಡಾಕ್ಟರುಗಳ ಸಂಘದವರೋ ಮೆಡಿಕಲ್ ಕಾಲೇಜಿನವರೋ ಇದನ್ನು ಏರ್ಪಡಿಸುತ್ತಾರೆ. ಹೆಚ್ಚಾಗಿ ಭಾನುವಾರ ಇರುತ್ತದೆ. ತಜ್ಞರು ಬಂದು ಹೊಸ ವಿಷಯ ತಿಳಿಸುತ್ತಾರೆ, ನಾವು ಕೂತು ಕೇಳ್ತೀವಿ, ಪ್ರಶ್ನೆ ಕೇಳ್ತೀವಿ. 2002ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ವೈದ್ಯರ ನಡತೆಯ ಬಗ್ಗೆ ನಿಯಮಗಳನ್ನು ತಂದಿತು. 5 ವರ್ಷಕ್ಕೆ ಕನಿಷ್ಠ 30 ಗಂಟೆಯಾದರೂ ವೈದ್ಯರು ಇಂತಹ ಕಲಿಕೆಯಲ್ಲಿ ಭಾಗವಹಿಸಬೇಕು ಎಂದು ಅದರಲ್ಲಿ ಇದೆ. ನಮ್ಮ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಆಗ ಈ ಗಂಟೆಗಳ ಲೆಕ್ಕ ತೋರಿಸಬೇಕು.

5 ವರ್ಷಕ್ಕೆ 30 ಗಂಟೆ ಅಂದರೆ ವರ್ಷಕ್ಕೆ 6 ಗಂಟೆ. ನಿಮ್ಮದು 52, ನಮ್ಮದು 6! (ನಗು) ಇದಕ್ಕಿಂತ ಬಹಳ ಹೆಚ್ಚು ಕಲಿಯುವ ಡಾಕ್ಟರುಗಳು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಿಯಮ ಕೇಳುವುದು ಅಷ್ಟೇ. ಅದೂ ಕೂತ ಗಂಟೆಯ ಲೆಕ್ಕವೇ ಹೊರತು, ಕಲಿತದ್ದು ರೋಗಿಗೆ ತಲುಪಿತಾ ಅನ್ನುವುದರ ಲೆಕ್ಕ ಅಲ್ಲ.

ಚಿಕಿತ್ಸೆ ಬದಲಾಗುತ್ತಾ ಹೋಗುತ್ತದೆ

"ಒಂದು ಸಲ ಓದಿದರೆ ಸಾಲದಾ ಡಾಕ್ಟ್ರಮ್ಮ? ಮನುಷ್ಯರ ದೇಹ ಬದಲಾಗುತ್ತಾ?" ಅಂತ ನೀವು ಕೇಳಬಹುದು. ದೇಹ ಬದಲಾಗಲ್ಲ. ಅದರ ಬಗ್ಗೆ ನಮಗಿರುವ ತಿಳಿವಳಿಕೆ ಬದಲಾಗುತ್ತದೆ. ನಿಮಗೆ ಗೊತ್ತಿರುವ ಉದಾಹರಣೆಗಳನ್ನೇ ಕೊಡ್ತೀನಿ.

ಕ್ಷಯರೋಗ, ಅಂದರೆ ಟಿ.ಬಿ. ಮೊದಲು ಸರ್ಕಾರದ ಕಾರ್ಯಕ್ರಮದಲ್ಲಿ ಮಾತ್ರೆಯನ್ನು ವಾರಕ್ಕೆ 3 ದಿನ ಕೊಡುತ್ತಿದ್ದರು. 2017ರಿಂದ ಪ್ರತಿದಿನ ಕೊಡುವ ಪದ್ಧತಿ ಬಂತು. ಇನ್ನೊಂದು, ಜ್ವರಕ್ಕೆ ಕೊಡುತ್ತಿದ್ದ ನಿಮೆಸುಲೈಡ್ ಎಂಬ ಔಷಧ. ಒಂದು ಕಾಲದಲ್ಲಿ ಅದನ್ನು ಮಕ್ಕಳಿಗೂ ಧಾರಾಳವಾಗಿ ಬರೆಯುತ್ತಿದ್ದರು. 2011ರಲ್ಲಿ ಕೇಂದ್ರ ಸರ್ಕಾರ 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಷೇಧಿಸಿತು. ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಸಿರಪ್‌ಗಳ ವಿಷಯವೂ ಹಾಗೇ. 4 ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಬಾರದು ಎಂದು ಬಾಟಲಿ ಮೇಲೆ ಬರೆಯಬೇಕೆಂದು 2023ರ ಡಿಸೆಂಬರ್‌ನಲ್ಲಿ ಆದೇಶ ಆಯಿತು.

ಈಗ ಯೋಚನೆ ಮಾಡಿ. 1994ರಲ್ಲಿ ಓದು ಮುಗಿಸಿದ ನನ್ನಂಥವರ ಪುಸ್ತಕದಲ್ಲಿ ಇವು ಯಾವುದೂ ಇರಲಿಲ್ಲ. ನಾನು ಆಮೇಲೆ ಕಲಿಯದೇ ಇದ್ದರೆ ಇವತ್ತೂ ಹಳೆಯದನ್ನೇ ಬರೆದು ಕೊಡ್ತಿರ್ತೀನಿ. ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲ್ಲ. ಆದರೂ ಮಗುವಿಗೆ ಕೆಟ್ಟದ್ದಾಗುತ್ತದೆ.

ನಮ್ಮ ಧರ್ಮಸಭೆಯಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ. ಸಿಸ್ಟರ್ ಡಾ. ಮೇರಿ ಗ್ಲೌರಿ ಆಸ್ಟ್ರೇಲಿಯಾದವರು. 1910ರಲ್ಲಿ ಡಾಕ್ಟರ್ ಆದರು, ಮೆಲ್ಬೋರ್ನ್‌ನಲ್ಲಿ ಹೆಸರು ಮಾಡಿದ್ದರು. ಅಷ್ಟು ಸಾಕು ಅಂತ ಕೂರಲಿಲ್ಲ. ಭಾರತದ ತಾಯಂದಿರ ಸೇವೆಗೆ ಹೋಗಬೇಕು ಅಂತ ನಿರ್ಧರಿಸಿದ ಮೇಲೆ ಮತ್ತೆ ಓದಿ, ಹೆರಿಗೆ, ಸ್ತ್ರೀರೋಗ, ಕಣ್ಣಿನ ವಿಷಯಗಳಲ್ಲಿ 1919ರಲ್ಲಿ ಮೇಲಿನ ಪದವಿ ಪಡೆದರು. 1920ರಲ್ಲಿ ಗುಂಟೂರಿಗೆ ಬಂದರು. ಸ್ಥಳೀಯ ಹೆಣ್ಣುಮಕ್ಕಳಿಗೆ ನರ್ಸಿಂಗ್ ಕಲಿಸಿದರು. 1943ರಲ್ಲಿ ಕ್ಯಾಥೋಲಿಕ್ ಆಸ್ಪತ್ರೆಗಳನ್ನೆಲ್ಲ ಒಂದುಗೂಡಿಸುವ ಸಂಘವನ್ನು ಸ್ಥಾಪಿಸಿದರು. 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ತೀರಿಕೊಂಡರು. ಸೇವೆ ಮಾಡಬೇಕಾದರೆ ಒಳ್ಳೆಯ ಮನಸ್ಸಿದ್ದರೆ ಸಾಲದು, ಕಲಿಯುತ್ತಲೂ ಇರಬೇಕು ಅನ್ನುವುದನ್ನು ಅವರು ಬದುಕಿ ತೋರಿಸಿದರು.

ನನ್ನಿಂದಾದ ತಪ್ಪು

ಈಗ ನನ್ನ ವಿಷಯ ಹೇಳ್ತೀನಿ. ಹೇಳಲು ನಾಚಿಕೆ ಆಗುತ್ತದೆ, ಆದರೆ ಹೇಳದಿದ್ದರೆ ನನ್ನ ಮಾತಿಗೆ ಬೆಲೆ ಇಲ್ಲ.

2007ನೇ ಇಸವಿ. ಬೇಸಿಗೆ. ಒಂದೂವರೆ ವರ್ಷದ ಗಂಡುಮಗುವನ್ನು ಎತ್ತಿಕೊಂಡು ತಾಯಿ ಬಂದಳು, ಜೊತೆಗೆ ಅಜ್ಜಿ. ಮಗುವಿಗೆ ಬೆಳಗ್ಗೆಯಿಂದ ನೀರು ನೀರಾಗಿ ಭೇದಿ, ಎರಡು ಸಲ ವಾಂತಿ. "ಏನಾದ್ರೂ ಒಳ್ಳೇ ಪವರ್ ಇರೋ ಔಷಧಿ ಕೊಡಿ ಡಾಕ್ಟ್ರಮ್ಮ, ಕೂಲಿ ಬಿಟ್ಟು ಬಂದಿದೀವಿ" ಅಂದಳು ತಾಯಿ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ನಾನು ವಾಂತಿಗೆ ಒಂದು ಇಂಜೆಕ್ಷನ್ ಕೊಟ್ಟೆ, ಆಂಟಿಬಯಾಟಿಕ್ ಸಿರಪ್ ಬರೆದೆ, ಕಳಿಸಿಬಿಟ್ಟೆ.

ಓ.ಆರ್.ಎಸ್. ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಹಾಗಾದರೆ ಯಾಕೆ ಕೊಡಲಿಲ್ಲ? ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ: "ಬರೀ ಉಪ್ಪು ಸಕ್ಕರೆ ಪುಡಿ ಕೊಟ್ಟರೆ ಈ ತಾಯಿಗೆ ಸಮಾಧಾನ ಆಗಲ್ಲ. ಇವಳು ಪಕ್ಕದ ಬೀದಿಯ ಡಾಕ್ಟರ ಹತ್ತಿರ ಹೋಗ್ತಾಳೆ."

ಮೂರನೇ ದಿನ ಮತ್ತೆ ಕರೆತಂದರು. ಮಗುವಿನ ಕಣ್ಣು ಒಳಗೆ ಹೋಗಿತ್ತು. ಅಳಲೂ ಶಕ್ತಿ ಇರಲಿಲ್ಲ. ಹೊಟ್ಟೆಯ ಚರ್ಮ ಹಿಡಿದೆತ್ತಿದರೆ ಹಾಗೇ ನಿಲ್ಲುತ್ತಿತ್ತು. ಕೂಡಲೇ ಗ್ಲೂಕೋಸ್ ಹಾಕಿ, ನಾನೇ ಜೊತೆಗೆ ಕೂತು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ. ದೇವರ ದಯೆ, ಮಗು ಉಳಿಯಿತು. ಭೇದಿ ಆಗುವಾಗ ನೀರು ಕೊಟ್ಟರೆ ಇನ್ನೂ ಹೆಚ್ಚುತ್ತದೆ ಅಂತ ಮನೆಯವರು ನೀರನ್ನೇ ನಿಲ್ಲಿಸಿದ್ದರು. ಯಾಕೆ ಹಾಗೆ ಮಾಡಿದಿರಿ ಅಂತ ನಾನು ಗದರಿದೆ. ಆಗ ಅಜ್ಜಿ ಮೆಲ್ಲಗೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ನೀವು ಕುಡಿಸಿ ಅಂತ ಹೇಳ್ಲೇ ಇಲ್ವಲ್ಲ, ಡಾಕ್ಟ್ರಮ್ಮ."

ಮರುವರ್ಷ ಒಂದು ಸಿ.ಎಂ.ಇ.ಗೆ ಹೋದೆ. ಹೋಗದೆ ಆರು ವರ್ಷ ಆಗಿತ್ತು. ಅಲ್ಲಿ ಮಕ್ಕಳ ತಜ್ಞರೊಬ್ಬರು ಭೇದಿಗೆ ಓ.ಆರ್.ಎಸ್. ಜೊತೆ ಜಿಂಕ್ ಮಾತ್ರೆಯನ್ನೂ ಕೊಡಬೇಕು ಎಂದು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇದನ್ನು 2004ರಲ್ಲೇ ಹೇಳಿದ್ದವು. ನನಗೆ ತಿಳಿದದ್ದು ನಾಲ್ಕು ವರ್ಷ ತಡವಾಗಿ. ಆ ನಾಲ್ಕು ವರ್ಷದಲ್ಲಿ ನನ್ನ ಮುಂದೆ ಎಷ್ಟು ಮಕ್ಕಳು ಬಂದು ಹೋದವು ಅಂತ ಆ ರಾತ್ರಿ ಎಣಿಸುತ್ತಾ ಕೂತಿದ್ದೆ.

ತಾಯಂದಿರ ಕೈಯಲ್ಲಿ ಗೆದ್ದ ಔಷಧ

ಓ.ಆರ್.ಎಸ್. ಪೊಟ್ಟಣವನ್ನು ನಾವು ಸಸಾರ ಮಾಡ್ತೀವಿ. ಅದರ ಕಥೆ ಕೇಳಿ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯ. ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಬಂಗಾಂವ್ ಎಂಬ ಊರಿನ ಶಿಬಿರದಲ್ಲಿ ಕಾಲರಾ ಹರಡಿತು. ಗ್ಲೂಕೋಸ್ ಬಾಟಲಿಗಳು ಸಾಲಲಿಲ್ಲ. ಅಲ್ಲಿದ್ದ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಪುಡಿ, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಅದುವರೆಗೆ 100ರಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದರು. ಆಮೇಲೆ ಅದು 4ಕ್ಕಿಂತ ಕಡಿಮೆಯಾಯಿತು. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣ ನೀಡಿತು.

ನೋಡಿ, ಅವತ್ತು ಜೀವ ಉಳಿಸಿದವರು ಬರೀ ಡಾಕ್ಟರುಗಳಲ್ಲ. ಲೋಟ ಹಿಡಿದು ಪಕ್ಕದಲ್ಲಿ ಕೂತ ತಾಯಂದಿರು, ಅಕ್ಕಂದಿರು, ಮನೆಯವರು.

ನೀವು ಕೇಳಿದರೆ ಏನಾಗುತ್ತದೆ?

ನನ್ನ ತಪ್ಪು ನನ್ನೊಬ್ಬಳದೇ ಅಂತ ಬಹಳ ವರ್ಷ ಅಂದುಕೊಂಡಿದ್ದೆ. 2024ರಲ್ಲಿ 'ಸೈನ್ಸ್' ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅದು ನಡೆದದ್ದು ನಮ್ಮ ಕರ್ನಾಟಕದಲ್ಲಿ ಮತ್ತು ಬಿಹಾರದಲ್ಲಿ, 253 ಪಟ್ಟಣಗಳಲ್ಲಿ, ಖಾಸಗಿಯಾಗಿ ಚಿಕಿತ್ಸೆ ಕೊಡುವ ಎರಡು ಸಾವಿರಕ್ಕೂ ಹೆಚ್ಚು ಜನರ ಬಳಿ. ತರಬೇತಿ ಪಡೆದವರು ಮಗುವಿನ ಪೋಷಕರಂತೆ ಹೋಗಿ "ಮನೆಯಲ್ಲಿ ಮಗುವಿಗೆ ಭೇದಿ ಆಗ್ತಿದೆ" ಅಂದರು. ಕೆಲವರು ಏನೂ ಕೇಳಲಿಲ್ಲ. ಕೆಲವರು ಓ.ಆರ್.ಎಸ್. ಆದೀತು ಎಂಬ ಇಂಗಿತ ತೋರಿದರು. ಕೆಲವರು ಆಂಟಿಬಯಾಟಿಕ್ ಬೇಕು ಎಂಬಂತೆ ಮಾತಾಡಿದರು.

ಏನು ಗೊತ್ತಾಯಿತು? ಓ.ಆರ್.ಎಸ್. ಒಳ್ಳೆಯದು ಅಂತ ಚಿಕಿತ್ಸೆ ಕೊಡುವ ಹೆಚ್ಚಿನವರಿಗೆ ತಿಳಿದಿತ್ತು. ಆದರೂ ಎಷ್ಟೋ ಮಂದಿ ಕೊಡುತ್ತಿರಲಿಲ್ಲ. ಅಂಗಡಿಯಲ್ಲಿ ಇಲ್ಲದ್ದಕ್ಕೋ? ಅದು ಸಣ್ಣ ಕಾರಣ, 100ಕ್ಕೆ 6 ಪಾಲು. ಬೇರೆ ಔಷಧದಲ್ಲಿ ಲಾಭ ಹೆಚ್ಚು ಅಂತಲೋ? ಅದೂ ಸಣ್ಣದು, 5 ಪಾಲು. ಎಲ್ಲಕ್ಕಿಂತ ದೊಡ್ಡ ಕಾರಣ, 42 ಪಾಲು, ಏನು ಗೊತ್ತೇ? "ರೋಗಿಯ ಕಡೆಯವರಿಗೆ ಇದು ಬೇಡ" ಎಂಬ ತಪ್ಪು ಕಲ್ಪನೆ! ನಾನು 2007ರಲ್ಲಿ ಅಂದುಕೊಂಡದ್ದೇ.

ಪೋಷಕರು ಓ.ಆರ್.ಎಸ್. ಬಗ್ಗೆ ಒಲವು ತೋರಿದಾಗ ಏನಾಯಿತು? ಪ್ರತಿ 100 ಮಂದಿಯಲ್ಲಿ ಇನ್ನೂ 27 ಮಂದಿ ಅದನ್ನು ಬರೆದುಕೊಟ್ಟರು. ಬರೀ ಒಂದು ಮಾತಿಗೆ! ತಾಯಿ ನಮ್ಮನ್ನು ನೋಡಿ ಸುಮ್ಮನಿರುತ್ತಾಳೆ, ನಾವು ಅವಳ ಮುಖ ನೋಡಿ ಏನೋ ಊಹಿಸುತ್ತೇವೆ. ಇಬ್ಬರ ಮಧ್ಯೆ ಮಗು ಒಣಗುತ್ತದೆ.

ಆದ್ದರಿಂದ ನಾನು ಹೇಳೋದು ಇದು: ಡಾಕ್ಟರಿಗೆ ಸಿ.ಎಂ.ಇ. ಬೇಕೇ ಬೇಕು, ಅದಿಲ್ಲದೆ ಹೊಸದು ತಿಳಿಯದು. ಆದರೆ ಹಾಲ್‌ನಲ್ಲಿ ಕಲಿತದ್ದು ಚೀಟಿಗೆ ಇಳಿಯಬೇಕಾದರೆ ಎದುರಿಗೆ ಕೂತವರು ಕೇಳಬೇಕು. ಡಾಕ್ಟರ ಅರ್ಧ ಕಲಿಕೆ ನಿಮ್ಮ ಕೈಯಲ್ಲಿದೆ.

ಕಲಿಸುವವರು ಯಾರು ಎಂಬುದೂ ಮುಖ್ಯ

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸಿ.ಎಂ.ಇ. ನಡೆಸಲು ಹಣ ಬೇಕು. ಹಾಲ್ ಬಾಡಿಗೆ, ಊಟ, ಬಂದವರ ಖರ್ಚು. ಈ ಹಣವನ್ನು ಎಷ್ಟೋ ಕಡೆ ಔಷಧ ಕಂಪನಿಗಳೇ ಕೊಡುತ್ತವೆ. ಬಡ್ಡಿಗೆ ಸಾಲ ಕೊಡುವವನೇ ಬಂದು ನಿಮ್ಮ ಸಂಘಕ್ಕೆ ಉಳಿತಾಯದ ಪಾಠ ಮಾಡಿದರೆ ಹೇಗಿರುತ್ತದೆ? ಎಲ್ಲ ಪಾಠವೂ ಸುಳ್ಳಲ್ಲ, ಆದರೆ ಕಿವಿ ಸ್ವಲ್ಪ ಎಚ್ಚರವಾಗಿರಬೇಕು. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರಯಾಣದ ಖರ್ಚು ಪಡೆಯಬಾರದು ಎಂದು 2009ರಲ್ಲೇ ವೈದ್ಯಕೀಯ ಪರಿಷತ್ತಿನ ನಿಯಮ ಬಂತು. 2024ರಲ್ಲಿ ಕಂಪನಿಗಳಿಗೂ ಕೇಂದ್ರ ಸರ್ಕಾರ ನೀತಿ ಸಂಹಿತೆ ಮಾಡಿತು. ಓ.ಆರ್.ಎಸ್. ಪೊಟ್ಟಣಕ್ಕೆ ಕೆಲವೇ ರೂಪಾಯಿ. ಅಷ್ಟು ಅಗ್ಗದ ವಸ್ತುವಿನ ಬಗ್ಗೆ ದೊಡ್ಡ ಹೋಟೆಲಿನಲ್ಲಿ ಊಟ ಹಾಕಿಸಿ ಪಾಠ ಮಾಡಿಸುವವರು ಕಡಿಮೆ. ಅದಕ್ಕೇ ಅದರ ಮಾತು ನಿಮ್ಮಂಥ ಸಂಘಗಳಲ್ಲಿ ನಡೆಯಬೇಕು.

ಈ ವಾರದ ಸಭೆಯಲ್ಲಿ ಏನು ಮಾಡಬಹುದು?

ಮೊದಲನೆಯದು, ಭೇದಿಯ ವಿಷಯವನ್ನು ಎಲ್ಲ ಸದಸ್ಯರೂ ಬಾಯಿಪಾಠ ಮಾಡಿ:

• ಭೇದಿ ಶುರುವಾದ ಕೂಡಲೇ ಓ.ಆರ್.ಎಸ್. ಕುಡಿಸಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ಕುದಿಸಿ ಆರಿಸಿದ ನೀರು. ಚಿಕ್ಕ ಪೊಟ್ಟಣವೂ ಬರುತ್ತದೆ, ಅದರ ಮೇಲೆ ಬರೆದಷ್ಟೇ ನೀರು ಹಾಕಿ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ.
• ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿ.
• ಜಿಂಕ್ ಮಾತ್ರೆ 14 ದಿನ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳ ಮಗುವಿಗೆ 10 ಮಿ.ಗ್ರಾಂ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ.
• ಎದೆಹಾಲು ನಿಲ್ಲಿಸಬೇಡಿ. ಊಟ ನಿಲ್ಲಿಸಬೇಡಿ.
• ಮಗು ಮಂಕಾದರೆ, ಕಣ್ಣು ಒಳಗೆ ಹೋದರೆ, ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ಕುಡಿಸುತ್ತಾ ಹೋಗಿ. 2 ತಿಂಗಳೊಳಗಿನ ಹಸುಗೂಸಾದರೆ ಮನೆಯಲ್ಲಿ ಕಾಯಲೇಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಹಣ್ಣಿನ ರುಚಿಯ, ಸಕ್ಕರೆ ಹೆಚ್ಚಿರುವ ಪಾನೀಯಗಳನ್ನು ಓ.ಆರ್.ಎಸ್. ಎಂಬ ಹೆಸರು ಹಾಕಿ ಮಾರುತ್ತಿದ್ದರು. ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಎಂದು ಆದೇಶ ಮಾಡಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ್ದರ ಫಲ ಅದು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ್ದು ಎಂದು ಬರೆದಿದೆಯೇ ಅಂತ ನೋಡಿ. ಓದಲು ಬಾರದವರು ಮಕ್ಕಳ ಕೈಯಲ್ಲಿ ಓದಿಸಿ. ಆಶಾ ಕಾರ್ಯಕರ್ತೆಯ ಹತ್ತಿರ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ, ಅಲ್ಲಿ ಕೇಳಿ.

ಎರಡನೆಯದು, ಯಾವುದೇ ಕಾಯಿಲೆಗೆ ಡಾಕ್ಟರ ಹತ್ತಿರ ಹೋದಾಗ ಮೂರು ಪ್ರಶ್ನೆ ಕೇಳಿ. ಜಗಳದ ಧ್ವನಿಯಲ್ಲಿ ಬೇಡ, ಮನೆಯವರನ್ನು ಕೇಳಿದ ಹಾಗೆ ಕೇಳಿ:

1. "ಇದು ಯಾತಕ್ಕೆ ಕೊಡುವ ಔಷಧ, ಎಷ್ಟು ದಿನ ತಗೋಬೇಕು?"
2. "ಇಂಜೆಕ್ಷನ್ ಇಲ್ಲದೆ ಆಗುತ್ತಾ? ಆಗುವುದಾದರೆ ಹಾಗೇ ಕೊಡಿ, ನಮಗೆ ಬೇಜಾರಿಲ್ಲ."
3. "ಮನೆಯಲ್ಲಿ ಏನು ಕೊಡಬೇಕು, ಯಾವಾಗ ವಾಪಸ್ ಬರಬೇಕು?"

ಎರಡನೇ ಪ್ರಶ್ನೆಯಲ್ಲಿರುವ "ನಮಗೆ ಬೇಜಾರಿಲ್ಲ" ಅನ್ನುವ ಮಾತನ್ನು ಮರೀಬೇಡಿ. ನಮ್ಮಂಥವರ ತಲೆಯಲ್ಲಿರುವ ತಪ್ಪು ಕಲ್ಪನೆ ಹೋಗುವುದು ಆ ಮಾತಿನಿಂದ.

ಮೂರನೆಯದು, ಚೀಟಿಗಳನ್ನು ಎಸೀಬೇಡಿ. ಪಾಸ್‌ಬುಕ್ ಇಡುವ ಚೀಲದಲ್ಲೇ ಇಡಿ. ಮುಂದಿನ ಡಾಕ್ಟರು ಹಿಂದಿನ ಚೀಟಿ ನೋಡಿದರೆ ಅವರಿಗೂ ಕಲಿಯಲು ಏನಾದರೂ ಸಿಗುತ್ತದೆ.

ನಾಲ್ಕನೆಯದು, ನಿಮ್ಮ ಒಕ್ಕೂಟದ ಸಭೆಗೆ ವರ್ಷಕ್ಕೊಮ್ಮೆ ಊರಿನ ಡಾಕ್ಟರನ್ನು ಕರೆಯಿರಿ. ಭಾಷಣ ಮಾಡಲು ಮಾತ್ರ ಅಲ್ಲ, ನಿಮ್ಮ ಮಾತು ಕೇಳಲು. ಆ ದಿನ ನಮಗೆ ಯಾರೂ ಗಂಟೆ ಲೆಕ್ಕ ಕೊಡಲಿಕ್ಕಿಲ್ಲ. ಆದರೆ ಅದೂ ನಮಗೆ ಪಾಠವೇ.

ಅಕ್ಕತಂಗಿಯರೇ, ಆ ಅಜ್ಜಿ ಈಗ ಇಲ್ಲ. ಆ ಹುಡುಗ ಬೆಳೆದು ದೊಡ್ಡವನಾಗಿದ್ದಾನೆ. ಹೋದ ವರ್ಷ ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಿ.ಪಿ. ತೋರಿಸಲು ನನ್ನ ಹತ್ತಿರ ಬಂದಿದ್ದ. ನಾನು ಮಾತ್ರೆ ಬರೆದು ಚೀಟಿ ಕೊಟ್ಟೆ. ತಾಯಿ ಎದ್ದು ಹೊರಟಳು. ಅವನು ಏಳಲಿಲ್ಲ. "ಡಾಕ್ಟ್ರೇ, ಇದನ್ನ ಎಷ್ಟು ದಿನ ತಗೋಬೇಕು, ಊಟದಲ್ಲಿ ಏನು ಬಿಡಬೇಕು ಅಂತ ಹೇಳ್ಲಿಲ್ಲ" ಅಂದ. ನಾನು ಮತ್ತೆ ಕೂತು ಎಲ್ಲ ಬಿಡಿಸಿ ಹೇಳಿದೆ. ಅವನ ಅಜ್ಜಿಯ ಮಾತೇ ಅದು. ಈ ಸಲ ಸಮಯಕ್ಕೆ ಸರಿಯಾಗಿ ಬಂತು, ಅಷ್ಟೇ.

ನೀವೂ ಹಾಗೇ ಏಳುವ ಮುಂಚೆ ಕೇಳಿ.  ದೇವರು ನಿಮ್ಮೆಲ್ಲರನ್ನೂ, ನಿಮ್ಮ ಮನೆಯ ಮಕ್ಕಳನ್ನೂ ಹರಸಲಿ.